ಮೇಲೆ ಗೌಂಡಿ, ಕೆಳಗೆ ಗಿರಾಕಿ: ಇಟ್ಟಂಗಿ ಬಿದ್ದರೆ ಹೊಣೆ ಯಾರದು?

ಆಲಮೇಲ: ಈ ನೋಟ ಪೇಟೆಗೆ ಹೋಗಿ ಬರುವ ಎಲ್ಲರಿಗೂ ಗೊತ್ತು. ಕೆಳಗೆ ಕಿರಾಣಿ ಅಂಗಡಿ, ಅದಕ್ಕೆ ಹತ್ತಿದಂತೆ ಕ್ಷೌರದಂಗಡಿ, ಅದರಾಚೆ ಚಾದಂಗಡಿ. ಮೂರರಲ್ಲೂ ಬಾಡಿಗೆದಾರರು, ಮೂರರಲ್ಲೂ ಜನ. ಅವರೆಲ್ಲರ ನೆತ್ತಿಯ ಮೇಲೆ ಸೆಂಟ್ರಿಂಗ್ ಹಲಗೆ, ಉಸುಕಿನ ಬುಟ್ಟಿ, ಕಬ್ಬಿಣದ ಸರಳು, ಇಟ್ಟಂಗಿ ರಾಶಿ. "ಏ, ಕೆಳಗ ಯಾರದೀರಿ, ಸರೀರಿ!" ಎಂದು ಗೌಂಡಿ ಕೂಗುವ ಹೊತ್ತಿಗೆ ಸಿಮೆಂಟಿನ ಮುದ್ದೆ ಚಾದ ಕಪ್ಪಿನಲ್ಲಿ ಬಿದ್ದಾಗಿರುತ್ತದೆ. ಜನ ನಗುತ್ತಾರೆ. ಸಿಮೆಂಟಾದ್ದರಿಂದ ನಗುತ್ತಾರೆ. ಇಟ್ಟಂಗಿಯಾಗಿದ್ದರೆ?

ಆಲಮೇಲ ಮೊದಲಿನ ಆಲಮೇಲವಲ್ಲ. ಸಿಂದಗಿ ತಾಲ್ಲೂಕಿನ ದೊಡ್ಡ ಹಳ್ಳಿ ಎನ್ನಿಸಿಕೊಂಡಿದ್ದ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಪಟ್ಟಣ ಪಂಚಾಯಿತಿ ಬಂತು, ಸಕ್ಕರೆ ಕಾರ್ಖಾನೆ ಬಂತು, ಕಬ್ಬಿನ ರೊಕ್ಕ ಬಂತು. ಜಾಗದ ಬೆಲೆ ಏರಿದ ಮೇಲೆ ಮಾಲಕರ ಕಣ್ಣು ಮೇಲಕ್ಕೆ ಹೋಗುವುದು ಸಹಜ. ನೆಲ ಸಿಗದಿದ್ದರೆ ಆಕಾಶವಾದರೂ ಇದೆಯಲ್ಲ! ಹಳೆಯ ಕಲ್ಲುಗೋಡೆಯ ಮೇಲೊಂದು ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಎರಡು ಖೋಲಿ.

ಖಾಲಿ ಮಾಡಿಸಿ ಕಟ್ಟಿದರೆ ಮಾಲಕನಿಗೆ ಬಾಡಿಗೆ ಹೋಗುತ್ತದೆ. ಮುಚ್ಚಿದರೆ ಅಂಗಡಿಕಾರನಿಗೆ ಗಿರಾಕಿ ಹೋಗುತ್ತಾರೆ. ಆದ್ದರಿಂದ ಇಬ್ಬರ ನಡುವೆ ಬಾಯಿಬಿಡದ ಒಂದು ಒಪ್ಪಂದ: ನೀ ಮೇಲೆ ಕಟ್ಟು, ನಾ ಕೆಳಗೆ ಮಾರುತ್ತೇನೆ. ಈ ಒಪ್ಪಂದದಲ್ಲಿ ಸೇರದ ಮೂರನೆಯವನೊಬ್ಬನಿದ್ದಾನೆ. ಬಸ್ಸಿಳಿದು ಅರ್ಧ ಕಿಲೋ ಬೆಲ್ಲ ಕೊಳ್ಳಲು ಬಂದವ. ಬಾಡಿಗೆ ಮನೆಗೆ ಹಬ್ಬಕ್ಕೆ ಬಂದ ಬೀಗರು. ಮೆಟ್ಟಿಲ ಮೇಲೆ ಆಡುವ ಪಕ್ಕದ ಮನೆ ಕೂಸು. ಇವರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಪೆಟ್ಟು ಬೀಳುವುದು ಬಹಳ ಸಲ ಇವರಿಗೇ.

ಧಾರವಾಡ ಮರೆತಿರಾ?

2019ರ ಮಾರ್ಚ್ 19. ಧಾರವಾಡದ ಕುಮಾರೇಶ್ವರ ನಗರ. ಹಗಲು ಹೊತ್ತು, ಜನ ಓಡಾಡುವ ಸಮಯ. ಹಲವು ಅಂತಸ್ತಿನ ಕಟ್ಟಡ ಇನ್ನೂ ಮೇಲೆ ಏಳುತ್ತಿತ್ತು. ಕೆಲಸ ಮುಗಿದಿರಲಿಲ್ಲ, ಆದರೆ ಕೆಳಗೆ ಅಂಗಡಿಗಳು ಬಾಗಿಲು ತೆರೆದಾಗಿತ್ತು. ವ್ಯಾಪಾರ ನಡೆದಿತ್ತು. ಇಡೀ ಕಟ್ಟಡ ಕುಸಿದು ಕೂತಿತು. 19 ಜನ ಸತ್ತರು. ರಕ್ಷಣಾ ಪಡೆಯವರು ಹಗಲು ರಾತ್ರಿ ಸ್ಲ್ಯಾಬ್ ಕೊರೆದು, ದಿನಗಳ ಮೇಲೂ ಜೀವಂತ ಇದ್ದವರನ್ನು ಹೊರಗೆಳೆದರು. ಸತ್ತವರಲ್ಲಿ ಕಟ್ಟುವವರಷ್ಟೇ ಇರಲಿಲ್ಲ, ಏನೋ ಕೆಲಸಕ್ಕೆಂದು ಕಟ್ಟಡದೊಳಗೆ ಹೋದವರೂ ಇದ್ದರು. ಕಟ್ಟಡದ ಪಾಲುದಾರರು ಪೊಲೀಸರಿಗೆ ಶರಣಾದರು.

ಅದಕ್ಕೂ ಹಿಂದೆ 1983ರಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಬೆಂಗಳೂರಿನದು ದೊಡ್ಡ ಊರಿನ ಸುದ್ದಿ ಎಂದು ಬಿಡೋಣ. ಧಾರವಾಡದ್ದು ಬಿಡುವಂತಿಲ್ಲ. ಅಲ್ಲಿ ನಡೆದದ್ದು ನಮ್ಮ ಪೇಟೆಯ ಇದೇ ಪದ್ಧತಿ, ನಾಲ್ಕು ಪಟ್ಟು ದೊಡ್ಡದಾಗಿ: ಮುಗಿಯದ ಕಟ್ಟಡದ ಕೆಳಗೆ ತೆರೆದ ಅಂಗಡಿ.

ನಮ್ಮ ಕಡೆ ಇನ್ನೊಂದು ತೊಂದರೆ ಕೂಡಿಕೊಳ್ಳುತ್ತದೆ. ಇದು ಎರೆ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬ್ಯಾಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಅಜ್ಜನ ಕಾಲದ ಕಲ್ಲು-ಮಣ್ಣಿನ ಗೋಡೆ. ಆ ಗೋಡೆ ಕಟ್ಟಿದ್ದು ಮಣ್ಣಿನ ಮಾಳಿಗೆ ಹೊರಲಿಕ್ಕೆ, ಆರ್‌ಸಿಸಿ ಮತ್ತು ಅದರ ಮೇಲಿನ ಸಂಸಾರ ಹೊರಲಿಕ್ಕಲ್ಲ. ಹೊಸ ಪಾಯಕ್ಕೆಂದು ಹಳೆ ಗೋಡೆಯ ಬುಡಕ್ಕೇ ಗುಂಡಿ ತೋಡಿದರೆ ಗೋಡೆಗೆ ಪಕ್ಕದ ಮಣ್ಣಿನ ಆಸರೆ ತಪ್ಪುತ್ತದೆ. ಆಮೇಲೆ ಒಂದು ದೊಡ್ಡ ಮಳೆ ಸಾಕು.

ಸ್ಲ್ಯಾಬ್ ಹಾಕಿದ ಮೇಲಿನ ಅವಸರ ಇನ್ನೊಂದು. ಸೆಂಟ್ರಿಂಗ್ ಸಾಮಾನು ಬಾಡಿಗೆಯದು, ದಿನಕ್ಕಿಷ್ಟು ಎಂದು ಏರುತ್ತದೆ. "ಬಿಚ್ಚರಿ ಇನ್ನ, ಗಟ್ಟಿ ಆಗೈತಿ" ಎನ್ನುತ್ತಾನೆ ಮಾಲಕ. ಭಾರತೀಯ ಮಾನಕ ಸಂಸ್ಥೆಯ ನಿಯಮ ಬೇರೆ ಹೇಳುತ್ತದೆ. ಸಾಮಾನ್ಯ ಸಿಮೆಂಟಾದರೆ ನಾಲ್ಕೂವರೆ ಮೀಟರ್, ಅಂದರೆ ಸುಮಾರು 15 ಅಡಿ ಅಂತರದ ಸ್ಲ್ಯಾಬಿಗೆ ಕೆಳಗಿನ ಆಧಾರದ ಕಂಬ ಕಮ್ಮಿ ಎಂದರೂ 7 ದಿನ ಇರಬೇಕು. ಅದಕ್ಕಿಂತ ಅಗಲವಾದರೆ 14 ದಿನ. ತೊಲೆಗೆ 6 ಮೀಟರ್ ತನಕ 14 ದಿನ, ಮೇಲಾದರೆ 21 ದಿನ. ಅಂಗಡಿಕಾರರು ಈ ನಾಲ್ಕು ಅಂಕಿಗಳನ್ನು ಉದ್ರಿ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ನಿಮ್ಮ ಅಂಗಡಿಯೊಳಗೇ ನಿಂತ ಕಂಬ ಅದು. ಯಾವ ದಿನ ನಿಂತಿತು, ಯಾವ ದಿನ ಬಿಚ್ಚಿದರು ಎಂಬುದಕ್ಕೆ ನಿಮಗಿಂತ ದೊಡ್ಡ ಸಾಕ್ಷಿ ಇಲ್ಲ.

ಬಾಂಡ್ ಪೇಪರಿನ ಆ ಒಂದು ಸಾಲು

ಬಾಡಿಗೆ ಪತ್ರ ಬರೆಸಿದವರಿಗೆಲ್ಲ ಈ ಸಾಲು ಗೊತ್ತು: ಕಟ್ಟಡದಿಂದ ಯಾವುದೇ ಅನಾಹುತವಾದರೂ ಮಾಲಕರು ಜವಾಬ್ದಾರರಲ್ಲ. ಹನ್ನೊಂದು ತಿಂಗಳ ಕರಾರು, ಎರಡು ಸಾಕ್ಷಿ ಸಹಿ, ಮುಗೀತು. ಈ ಸಾಲು ತೋರಿಸಿ ಎಷ್ಟೋ ಮಾಲಕರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ.

ಆ ನಿದ್ದೆ ಅಷ್ಟು ಗಟ್ಟಿಯಲ್ಲ. ಕರಾರು ಕಟ್ಟಿಹಾಕುವುದು ಅದಕ್ಕೆ ಸಹಿ ಹಾಕಿದವರನ್ನು. ಬೆಲ್ಲ ಕೊಳ್ಳಲು ಬಂದ ಗಿರಾಕಿ ಎಲ್ಲಿ ಸಹಿ ಹಾಕಿದ್ದಾನೆ? ಬೀಗರು ಎಲ್ಲಿ ಹಾಕಿದ್ದಾರೆ? ಅವರ ತಲೆ ಒಡೆದರೆ ಅವರು ಕೇಳುವುದು ಕರಾರಿನ ಮೇಲಲ್ಲ, ನಿರ್ಲಕ್ಷ್ಯದ ಮೇಲೆ. ಅಪಾಯವಿದೆ ಎಂದು ತಿಳಿದಿತ್ತೇ, ತಿಳಿದಿರಬೇಕಿತ್ತೇ, ತಡೆಯುವುದು ಯಾರ ಕೈಯಲ್ಲಿತ್ತು, ತಡೆದರೇ? ಕೋರ್ಟು ನೋಡುವುದು ಇಷ್ಟನ್ನು. ಇನ್ನು ಕ್ರಿಮಿನಲ್ ಕೇಸಿನ ಮುಂದೆ ಆ ಸಾಲಿಗೆ ಬೆಲೆಯೇ ಇಲ್ಲ.

ಕಾನೂನು ಯಾವಾಗಲೂ ಹೀಗೆ ಇರಲಿಲ್ಲ. ಇಂಗ್ಲೆಂಡಿನಲ್ಲಿ 1906ರಲ್ಲಿ ಒಂದು ತೀರ್ಪು ಬಂತು. ಬಾಡಿಗೆ ಮನೆಯ ಅಡುಗೆಕೋಣೆಯ ಹಲಗೆ ನೆಲ ಕೊಳೆತಿತ್ತು. ರಿಪೇರಿ ಮಾಡಿಸುತ್ತೇವೆ ಎಂದು ಮಾಲಕನ ಕಡೆಯವರು ಮಾತು ಕೊಟ್ಟಿದ್ದರು, ಮಾಡಿಸಲಿಲ್ಲ. ಬಾಡಿಗೆದಾರನ ಹೆಂಡತಿ ಕುರ್ಚಿಯ ಮೇಲೆ ನಿಂತಿದ್ದಾಗ ನೆಲ ಮುರಿದು ಬಿದ್ದಳು. ಅಲ್ಲಿನ ಅತಿ ದೊಡ್ಡ ನ್ಯಾಯಪೀಠ ಹೇಳಿದ್ದೇನು? ಮಾತು ಕೊಟ್ಟದ್ದು ಗಂಡನಿಗೆ, ಹೆಂಡತಿಗೆ ಕೊಟ್ಟಿಲ್ಲ, ಆದ್ದರಿಂದ ಆಕೆಗೆ ಪರಿಹಾರವಿಲ್ಲ! ಅದೇ ಮನೆಯಲ್ಲಿ ರೊಟ್ಟಿ ಸುಡುವವಳಿಗೇ ಹಕ್ಕಿಲ್ಲವೆಂದ ಮೇಲೆ ಬಂದುಹೋಗುವ ನೆಂಟರ ಪಾಡು ಕೇಳುವುದೇ ಬೇಡ. ಆ ದೇಶದವರು ಇದನ್ನು ಸರಿಮಾಡಲು ಬಹಳ ಕಾಲ ತೆಗೆದುಕೊಂಡರು. 1972ರಲ್ಲಿ ಬಂದ ಕಾಯ್ದೆ, ರಿಪೇರಿಯ ಹೊಣೆಯಿರುವ ಮಾಲಕ ಬಾಡಿಗೆದಾರನಷ್ಟೇ ಅಲ್ಲ, ಅಲ್ಲಿಗೆ ಬರಬಹುದಾದ ಎಲ್ಲರ ಬಗ್ಗೆಯೂ ಎಚ್ಚರ ವಹಿಸಬೇಕು ಎಂದಿತು.

ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪು ಪೇಟೆಯ ಪ್ರತಿ ಮಾಲಕನೂ ತಿಳಿಯಬೇಕಾದದ್ದು. ದಿಲ್ಲಿಯ ಚಾಂದನಿ ಚೌಕದಲ್ಲಿ ಟೌನ್ ಹಾಲಿನ ಎದುರು ಗಡಿಯಾರದ ಗೋಪುರ ಇತ್ತು. ವಯಸ್ಸು 80 ವರ್ಷ. ಅದಕ್ಕೆ ಬಳಸಿದ ಗಾರೆಯ ಆಯುಷ್ಯ 40-45 ವರ್ಷವಷ್ಟೇ ಎಂದು ಸಾಕ್ಷ್ಯ ಬಂತು. ಒಂದು ದಿನ ಗೋಪುರ ಬಜಾರಿನ ಮೇಲೆ ಬಿತ್ತು, ದಾರಿಹೋಕರು ಸತ್ತರು. ಗೋಪುರ ಮುನ್ಸಿಪಾಲಿಟಿಯದು. "ನಮಗೆ ಬಿರುಕು ಕಂಡಿರಲಿಲ್ಲ" ಎಂಬುದು ಅವರ ವಾದ. 1966ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜನ ಓಡಾಡುವ ರಸ್ತೆಗೆ ಹತ್ತಿ ಕಟ್ಟಡ ಇಟ್ಟುಕೊಂಡವನಿಗೆ ವಿಶೇಷ ಹೊಣೆಯಿದೆ, ದೋಷ ಕಂಡಿರಲಿಲ್ಲ ಎಂದರೆ ಬಿಡುಗಡೆಯಿಲ್ಲ ಎಂದಿತು. ತಾನಾಗಿ ಬೀಳಬಾರದ ಗೋಪುರ ಬಿತ್ತು ಎಂಬುದೇ ನಿರ್ಲಕ್ಷ್ಯಕ್ಕೆ ಮೊದಲ ಸಾಕ್ಷಿ.

ದಿಲ್ಲಿಯ ಮುನ್ಸಿಪಾಲಿಟಿಗೇ ಈ ಮಾತಾದರೆ ಆಲಮೇಲದ ಮಾಲಕನಿಗೆ ಬೇರೆ ಇರುವುದೇ? ನಮ್ಮ ಪೇಟೆಯ ಕಟ್ಟಡಗಳೆಲ್ಲ ರಸ್ತೆಗೆ ಹತ್ತಿದವೇ.

"ನಾ ಗುತ್ತಿಗೆದಾರಗ ಕೊಟ್ಟೀನ್ರಿ, ಅವನ್ನ ಕೇಳ್ರಿ" ಎಂಬ ಮಾತೂ ಬರುತ್ತದೆ. ಗುತ್ತಿಗೆದಾರನನ್ನೂ ಕೇಳಬಹುದು, ಕೇಳಲೇಬೇಕು. ಆದರೆ ಜನರ ತಲೆಯ ಮೇಲೆ ನಡೆಯುವ ಅಪಾಯದ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿದೆ ಎಂದ ಮಾತ್ರಕ್ಕೆ ಮಾಲಕ ಪೂರ್ತಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಎಲ್ಲರೂ ಬಳಸುವ ಮೆಟ್ಟಿಲು, ಬೋಳು ಹಾದಿ, ಮೇಲಿನ ಮಾಳಿಗೆ ಇವು ಯಾವ ಬಾಡಿಗೆದಾರನ ಪಾಲಿಗೂ ಸೇರಿದವಲ್ಲ, ಮಾಲಕನ ಹಿಡಿತದಲ್ಲೇ ಇರುವವು. ಕಠಡಾ ಕಿತ್ತು ಹಾಕಿದ ಮೆಟ್ಟಿಲಿನಿಂದ ಬೀಗರು ಬಿದ್ದರೆ ಮೊದಲ ಪ್ರಶ್ನೆ ಅವನಿಗೇ.

ಅಂಗಡಿಕಾರರೇ, ನಿಮಗೂ ಪಾಲಿದೆ

ಇಲ್ಲಿಯ ತನಕ ಓದಿದ ಅಂಗಡಿಕಾರರು ತಲೆದೂಗಿರಬಹುದು. ಇನ್ನು ಸ್ವಲ್ಪ ಕಹಿ. ನೆತ್ತಿಯ ಮೇಲೆ ಕೆಲಸ ನಡೆದಿದೆ ಎಂದು ನಿಮಗೆ ಗೊತ್ತು. ಗಿರಾಕಿಗೆ ಗೊತ್ತಿಲ್ಲ. ಗೊತ್ತಿದ್ದೂ ಬಾಗಿಲು ತೆರೆದು "ಬರ್ರಿ ಕಾಕಾ, ಒಳಗ ಬರ್ರಿ" ಎಂದು ಕರೆದವರು ನೀವು. ಅಂಗಡಿಯ ಒಳಗೆ ಹಿಡಿತ ನಿಮ್ಮದು. ಹೀಗಾಗಿ ಗಾಯಗೊಂಡವನು ಮಾಲಕನ ಜೊತೆ ನಿಮ್ಮನ್ನೂ ಕೋರ್ಟಿಗೆ ಎಳೆದರೆ ಆಶ್ಚರ್ಯವಿಲ್ಲ. ಮಾಲಕನ ಮೇಲೆ ಬೆರಳು ತೋರಿಸುವಾಗ ಉಳಿದ ಬೆರಳು ಎತ್ತ ತಿರುಗಿವೆ ನೋಡಿಕೊಳ್ಳಿ.

ಹಾಗಾದರೆ ಅಂಗಡಿ ಮುಚ್ಚಬೇಕೆ? ಸ್ಲ್ಯಾಬ್ ಸುರಿಯುವ ದಿನ, ಹಳೆ ಗೋಡೆ ಕೆಡವುವ ದಿನ ಮುಚ್ಚಲೇಬೇಕು, ಇದರಲ್ಲಿ ಚೌಕಾಶಿ ಇಲ್ಲ. ಉಳಿದ ದಿನ ಬಾಗಿಲ ಮುಂದೆ ತಗಡಿನ ಚಪ್ಪರ, ಸಾರವೆಗೆ ಬಲೆ, ರಸ್ತೆಯ ಕಡೆ ಹಗ್ಗ ಕಟ್ಟಿಸಿ. ಖರ್ಚು ಮಾಲಕನದು. ಅವನು ಮಾಡದಿದ್ದರೆ ಬರೆದು ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದು ಕೋರ್ಟಿನಲ್ಲಿ ಗಾಳಿಗೆ ಹೋಗುತ್ತದೆ. ಹಿಂದೆ ರಿಜಿಸ್ಟರ್ ಪೋಸ್ಟ್ ಇತ್ತು, 2025ರ ಸೆಪ್ಟೆಂಬರಿನಿಂದ ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ.

"ಧೂಳು, ಗದ್ದಲ, ಗಿರಾಕಿ ಬರವಲ್ಲರು, ಬಾಡಿಗಿ ಕೊಡೂದಿಲ್ಲ" ಎನ್ನುವವರೂ ಇದ್ದಾರೆ. ಹಾಗೆ ಪೂರ್ತಿ ನಿಲ್ಲಿಸಬೇಡಿ. ಬಾಡಿಗೆ ಬಾಕಿ ಎಂಬ ನೆಪ ಮಾಲಕನ ಕೈಗೆ ನೀವೇ ಕೊಟ್ಟಂತೆ. ಕಲಕತ್ತೆಯ ಪ್ರಕರಣವೊಂದರಲ್ಲಿ ಮಾಲಕ ಮೂರು ಮಲಗುವ ಕೋಣೆಗಳಲ್ಲಿ ಒಂದನ್ನು ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿಯೂ ಸುಪ್ರೀಂ ಕೋರ್ಟ್ 1966ರಲ್ಲಿ ಪೂರ್ತಿ ಬಾಡಿಗೆ ತಡೆಯಲು ಬಿಡಲಿಲ್ಲ. ಸಿಕ್ಕಷ್ಟು ಜಾಗಕ್ಕೆ ತಕ್ಕ ಬಾಡಿಗೆ ಕೊಡು ಎಂದಿತು. ಅರ್ಧ ಅಂಗಡಿ ಸೆಂಟ್ರಿಂಗ್ ಕಂಬಕ್ಕೆ ಹೋಗಿದ್ದರೆ ಅಷ್ಟು ಕಡಿತ ಬರೆದು ಕೇಳುವುದು ಬೇರೆ, ತಾನೇ ನಿಲ್ಲಿಸಿ ಕೂಡುವುದು ಬೇರೆ.

ಕೇಳುವ ಹಕ್ಕು ಎಲ್ಲಿಂದ ಬಂತು? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಿಂದ. ಬಾಡಿಗೆ ಕೊಟ್ಟುಕೊಂಡು ಕರಾರಿನಂತೆ ನಡೆಯುವವನು ಅಡ್ಡಿಯಿಲ್ಲದೆ ಜಾಗ ಅನುಭವಿಸಬಹುದು ಎಂಬುದು ಅದರಲ್ಲಿದೆ. ಮಾಲಕ ಮಾಡಬೇಕಾದ ರಿಪೇರಿಯನ್ನು, ನೋಟೀಸು ಕೊಟ್ಟು ತಕ್ಕಷ್ಟು ಕಾಲವಾದರೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂದೂ ಇದೆ. ಆದರೆ ಎಚ್ಚರ: ಯಾವ ರಿಪೇರಿ ಮಾಲಕನದು ಎಂಬುದು ಕರಾರಿನಲ್ಲಿ ಇರಬೇಕು. ಕರಾರು ಅಥವಾ ಊರ ರೂಢಿ ಬೇರೆ ಹೇಳಿದರೆ ಅದೇ ನಡೆಯುತ್ತದೆ. ಮುಂದಿನ ಸಲ ಬಾಂಡ್ ಬರೆಸುವಾಗ ಗೋಡೆ, ಮಾಳಿಗೆ, ಪಾಯ ಮಾಲಕರದು ಎಂಬ ಒಂದು ಸಾಲು ಸೇರಿಸಲು ಬರಹಗಾರ ಹೆಚ್ಚಿಗೆ ರೊಕ್ಕ ಕೇಳುವುದಿಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದೂ ಒಂದಿದೆ. ಎಲ್ಲ ಊರಿಗೂ ಎಲ್ಲ ಮಳಿಗೆಗೂ ಅದು ಅನ್ವಯಿಸುವುದಿಲ್ಲ. ವ್ಯಾಪಾರದ ಮಳಿಗೆಯಾದರೆ 14 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 150 ಚದರಡಿ ಒಳಗಿರಬೇಕು. ನಿಮ್ಮದು ಅದರೊಳಗೆ ಬರುತ್ತದೋ ಇಲ್ಲವೋ ವಕೀಲರಿಗೆ ಅಳತೆ ಹೇಳಿ ಕೇಳಿ.

ರಿಪೇರಿಯ ನೆಪದಲ್ಲಿ ಮಾಳಿಗೆ ಕಿತ್ತರೆ

ಎಲ್ಲ ಮಾಲಕರೂ ಕಟ್ಟುವುದಕ್ಕೇ ಕಟ್ಟುವುದಿಲ್ಲ. ಕೆಲವರಿಗೆ ಬಾಡಿಗೆದಾರನನ್ನು ಎಬ್ಬಿಸಬೇಕು. ಬಾಯಿಬಿಟ್ಟು ಹೇಳಿದರೆ ಅವನು ಕೋರ್ಟಿಗೆ ಹೋದಾನು. ಆದ್ದರಿಂದ "ಸ್ವಲ್ಪ ರಿಪೇರಿ ಐತಿ" ಎಂದು ಮಳೆಗಾಲದ ಹೊಸ್ತಿಲಲ್ಲಿ ಮಾಳಿಗೆ ತೆಗೆಸುವುದು, ಮೆಟ್ಟಿಲು ಒಡೆಸುವುದು, ಬಾಗಿಲ ಮುಂದೆ ಕಡಿ-ಉಸುಕು ಸುರಿಸುವುದು. ನೆನೆದ ಸಕ್ಕರೆ ಚೀಲ ನೋಡಿ ಅಂಗಡಿಕಾರ ತಾನೇ ಬಿಟ್ಟು ಓಡುತ್ತಾನೆ ಎಂಬ ಲೆಕ್ಕ.

ಓಡುವ ಮೊದಲು ಎರಡು ಮಾತು ತಿಳಿದಿರಲಿ. ಕಾನೂನಿನ ದಾರಿ ಬಿಟ್ಟು ನಿಮ್ಮನ್ನು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಕೆಳಗೆ ಜಾಗ ಮರಳಿ ಕೇಳಬಹುದು. ಗಡುವು 6 ತಿಂಗಳು, ಒಂದು ದಿನ ಮೀರಿದರೂ ಆ ಬಾಗಿಲು ಮುಚ್ಚಿತು. ಎರಡನೆಯದು, ಕಟ್ಟಡ ನೆಲಸಮವಾದರೆ ಬಾಡಿಗೆ ಹಕ್ಕೂ ಸತ್ತಿತು ಎಂದು ಮಾಲಕರು ಹೇಳುತ್ತಾರೆ. 2014ರಲ್ಲಿ ಶಹಾ ರತನ್ಸಿ ಖೀಮಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಪಾಯದ ಕಟ್ಟಡವೆಂದು ನಗರಸಂಸ್ಥೆಯೇ ಕೆಡವಿದರೂ ಬಾಡಿಗೆದಾರನ ಹಕ್ಕು ಅಷ್ಟಕ್ಕೇ ಅಳಿಯುವುದಿಲ್ಲ, ಯಾಕೆಂದರೆ ಬಾಡಿಗೆ ಗೋಡೆಗೆ ಮಾತ್ರವಲ್ಲ, ಕೆಳಗಿನ ನೆಲಕ್ಕೂ ಸೇರಿದ್ದು.

ಇದನ್ನು ಓದಿ ಮಾಲಕರು ಸಿಟ್ಟಾಗಬಾರದು. ಬೀಳುವಂತಿರುವ ಗೋಡೆಯ ಕೆಳಗೆ ಕೂತು "ನಾ ಏಳೂದಿಲ್ಲ" ಎನ್ನುವ ಬಾಡಿಗೆದಾರರೂ ಇದ್ದಾರೆ. ಮಾಲಕ ಕೈಮುಗಿದು ಖಾಲಿ ಮಾಡಲು ಕೇಳಿದರೂ ಹೆಚ್ಚಿನ ರೊಕ್ಕದ ಆಸೆಗೆ ಮಕ್ಕಳು ಮರಿ ಕಟ್ಟಿಕೊಂಡು ಅಲ್ಲೇ ಇರುತ್ತಾರೆ. ಅಂಥ ಕಡೆ ಮಾಲಕನೂ ಬರೆದೇ ತಿಳಿಸಲಿ, ಪಟ್ಟಣ ಪಂಚಾಯಿತಿಗೂ ಒಂದು ನಕಲು ಕೊಡಲಿ. ಅನಾಹುತವಾದಾಗ ಆ ಪತ್ರ ಅವನನ್ನೂ ಕಾಯುತ್ತದೆ.

ಪೊಲೀಸ್, ಪಂಚಾಯಿತಿ, ಕೋರ್ಟು

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 290ನೇ ಕಲಮು ನೇರ ಈ ವಿಷಯದ್ದೇ. ಕಟ್ಟುವಾಗ, ಕೆಡವುವಾಗ, ರಿಪೇರಿ ಮಾಡುವಾಗ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ 6 ತಿಂಗಳ ತನಕ ಸಜೆ, ಇಲ್ಲವೆ 5,000 ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಹಳೆಯ ಸಂಹಿತೆಯಲ್ಲಿ ದಂಡ 1,000 ರೂಪಾಯಿ ಇತ್ತು, ಮತ್ತು ಅದರ ಮಾತು ಕೆಡವುವುದು-ರಿಪೇರಿಯ ಬಗ್ಗೆ ಮಾತ್ರ ಇತ್ತು. ಈಗ ಹೊಸದಾಗಿ ಕಟ್ಟುವುದೂ ಸೇರಿದೆ. ಗಮನಿಸಿ: ಈ ಕಲಮಿಗೆ ಯಾರೂ ಸಾಯಬೇಕಿಲ್ಲ, ಯಾರಿಗೂ ಗಾಯವೂ ಆಗಬೇಕಿಲ್ಲ. ಅಪಾಯ ಇತ್ತು, ಎಚ್ಚರ ಇರಲಿಲ್ಲ ಎಂದರೆ ಸಾಕು. ಆಲಮೇಲ ಠಾಣೆಗೆ ದೂರು ಕೊಡಲು ಹೆಣ ಬೀಳುವ ತನಕ ಕಾಯಬೇಕಿಲ್ಲ. ನಿರ್ಲಕ್ಷ್ಯದಿಂದ ಜೀವವೇ ಹೋದರೆ 106ನೇ ಕಲಮು, 5 ವರ್ಷದ ತನಕ ಸಜೆ. ಮೊದಲು ಇದು 2 ವರ್ಷ ಇತ್ತು.

ಕಟ್ಟಲು ಪರವಾನಗಿ ಕೊಡುವುದು, ಶಿಥಿಲ ಕಟ್ಟಡಕ್ಕೆ ನೋಟೀಸು ಕೊಡುವುದು ಪಟ್ಟಣ ಪಂಚಾಯಿತಿಯ ಕೆಲಸ. ಎಷ್ಟು ಅಂತಸ್ತಿಗೆ ಪರವಾನಗಿ ಇದೆ, ನಕ್ಷೆ ಏನು ಎಂದು ಬಾಡಿಗೆದಾರ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 10 ರೂಪಾಯಿ ಶುಲ್ಕ.

ಪರಿಹಾರದ ದಾವೆ ಸಿವಿಲ್ ಕೋರ್ಟಿನಲ್ಲಿ ಹೂಡಬೇಕು. ಸತ್ತವರ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು 1855ರ ಮಾರಕ ಅಪಘಾತ ಕಾಯ್ದೆಯ ಕೆಳಗೆ ಕೇಳುವುದಾದರೆ ಸಾವಿನ ದಿನದಿಂದ 2 ವರ್ಷದೊಳಗೆ ಹೂಡಬೇಕು. ಹದಿನಾಲ್ಕು ದಿನದ ಕಾರ್ಯ ಮುಗಿಸಿ, ವರ್ಷದ ತಿಥಿ ಮುಗಿಸಿ, ಹಿರಿಯರ ಪಂಚಾಯ್ತಿಯಲ್ಲಿ ಕೂತು "ನೋಡೋಣು" ಎನ್ನುವಷ್ಟರಲ್ಲಿ ಎರಡು ವರ್ಷ ಕಳೆದೇ ಹೋಗುತ್ತದೆ. ವಕೀಲರ ಫೀ ಕೊಡಲಾಗದವರು ಸಿಂದಗಿ ಕೋರ್ಟಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಆದಾಯ ಎಷ್ಟೆಂದು ಕೇಳದೆ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಹೋಗುವಾಗ ಬಾಡಿಗೆ ಪತ್ರ, ಆಸ್ಪತ್ರೆಯ ಚೀಟಿ, ಮೊಬೈಲಿನಲ್ಲಿ ತೆಗೆದ ಫೋಟೋ, ಪೋಸ್ಟಿನ ರಸೀತಿ ಒಯ್ಯಿರಿ. ಗಿರಾಕಿಯಾಗಿ ಹೋಗಿ ಪೆಟ್ಟು ತಿಂದವರು ಆ ದಿನದ ಅಂಗಡಿಯ ಬಿಲ್ಲು, ಬಸ್ಸಿನ ಟಿಕೀಟು ಸಹ ಒಯ್ಯಿರಿ. ಆ ಹೊತ್ತಿಗೆ ನೀವು ಅಲ್ಲಿದ್ದಿರಿ ಎಂಬುದಕ್ಕೆ ಕೆಲವು ಸಲ ಅದೊಂದೇ ಕಾಗದ ಉಳಿದಿರುತ್ತದೆ.